ಕಾರಿನೊಳಗೆ ಕೂತರೂ ಸಾರ್ವಜನಿಕ ಸ್ಥಳವಾ? ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಬಂದಿದ್ದೇನೆ

ಕುಂಬ್ಳೆ_ಕಡಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ತುಂಬಾ ದಿನ ಆಯಿತು, ಬರೆಯುವುದು ಇದೇ ಮೊದಲು. ಜಾಗ ಯಾವುದು, ಸ್ಟೇಷನ್ ಯಾವುದು ಅಂತ ದಯವಿಟ್ಟು ಕೇಳಬೇಡಿ, ಹೇಳುವುದಿಲ್ಲ.

ನನಗೆ 29 ವರ್ಷ, ಹುಡುಗಿಗೆ 26. ನಿಶ್ಚಿತಾರ್ಥ ಆಗಿ ಎರಡು ತಿಂಗಳು. ಮದುವೆ ಜನವರಿಯಲ್ಲಿ. ಕಳೆದ ಶನಿವಾರ ಸೀರೆ ನೋಡಲು ಇಬ್ಬರೂ ಕಾಸರಗೋಡು ಪೇಟೆಗೆ ಹೋಗಿದ್ದೆವು. ವಾಪಸ್ ಬರುವಾಗ ಸಂಜೆ ಆರೂವರೆ, ಜೋರು ಮಳೆ. ಕಡಲ ಬದಿಯ ಒಂದು ರಸ್ತೆಯಲ್ಲಿ ಕಾರು ನಿಲ್ಲಿಸಿ ಮಾತಾಡುತ್ತಾ ಕೂತೆವು. ಸುಳ್ಳು ಯಾಕೆ, ಬರೀ ಮಾತಲ್ಲ. ಹೆಗಲ ಮೇಲೆ ಕೈ ಹಾಕಿದ್ದೆ, ಮುತ್ತು ಕೊಟ್ಟಿದ್ದೆ. ಅದಕ್ಕಿಂತ ಮುಂದೆ ಏನೂ ಇಲ್ಲ. ಇಂಜಿನ್ ಆಫ್ ಇತ್ತು, ಗ್ಲಾಸಿಗೆಲ್ಲ ಒಳಗಿನಿಂದ ಆವಿ ಕಟ್ಟಿತ್ತು. ಅವಳು ಆ ಆವಿಯ ಮೇಲೆ ಬೆರಳಲ್ಲಿ ಸೀರೆ ಅಂಚಿನ ಡಿಸೈನ್ ಬರೆದು ತೋರಿಸುತ್ತಿದ್ದಳು.

ಅಷ್ಟರಲ್ಲಿ ಬೈಕಿನಲ್ಲಿ ಇಬ್ಬರು. ಒಬ್ಬ ಕಾರಿನ ಮುಂದೆ ಬೈಕ್ ಅಡ್ಡ ಇಟ್ಟ. ಇನ್ನೊಬ್ಬ ಮೊಬೈಲ್ ಟಾರ್ಚ್ ಹಾಕಿ ಗ್ಲಾಸಿಗೆ ಒತ್ತಿ ಹಿಡಿದು ವಿಡಿಯೋ ಮಾಡಲು ಶುರು. ಹೆಸರು ಕೇಳಿದ, ಯಾವ ಜಾತಿ ಅಂತಲೂ ಕೇಳಿದ. ಐದು ನಿಮಿಷದಲ್ಲಿ ಏಳೆಂಟು ಜನ ಸೇರಿದರು. ಅವರಲ್ಲೇ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಜೀಪ್ ಬಂತು, ಸ್ಟೇಷನ್‌ಗೆ ಹೋದೆವು. ಅಲ್ಲಿ ಒಂದು ಗಂಟೆ ಕೂರಿಸಿದರು. ಅಡ್ರೆಸ್ ಬರೆದುಕೊಂಡರು, ಮಲಯಾಳಂನಲ್ಲಿ ಬರೆದ ಒಂದು ಕಾಗದಕ್ಕೆ ಸಹಿ ಹಾಕಿಸಿದರು, ದಂಡ ಅಂತ ಹಣ ಕಟ್ಟಿಸಿ ರಸೀದಿ ಕೊಟ್ಟು ಕಳಿಸಿದರು. ನಾನು ಹತ್ತನೇವರೆಗೆ ಕನ್ನಡ ಮೀಡಿಯಂ. ಮಲಯಾಳಂ ಮಾತಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಓದಲು ಬಾರದು.

ಈಗ ನಿದ್ದೆ ಇಲ್ಲ. ಸ್ವಂತ ಕಾರಿನ ಒಳಗೆ ಕೂತರೆ ಅದು ಸಾರ್ವಜನಿಕ ಸ್ಥಳವಾ? ನನ್ನ ಮೇಲೆ ಅಶ್ಲೀಲ ವರ್ತನೆ ಕೇಸ್ ಬಿದ್ದಿದೆಯಾ?

ಉಪ್ಪಳ_ಎಕ್ಸ್‌ಪ್ರೆಸ್

ಓದಲು ಬಾರದ ಕಾಗದಕ್ಕೆ ಸಹಿ ಹಾಕಿದ್ದು ಎಂತಕ್ಕೆ ಮಾರಾಯ???

ಕುಂಬ್ಳೆ_ಕಡಲು

ಅವಳು ಪಕ್ಕದಲ್ಲಿ ಅಳುತ್ತಿದ್ದಳು. ಆ ಹೊತ್ತಿಗೆ ಆಸ್ತಿ ಪತ್ರ ಕೊಟ್ಟಿದ್ದರೂ ಸಹಿ ಹಾಕುತ್ತಿದ್ದೆ.

ಹಳೆ_ಮೇಷ್ಟ್ರು

ನನ್ನ ಮಾತು ಯಾರಿಗೂ ಹಿಡಿಸುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಆ ರಸ್ತೆಯಲ್ಲಿ ಟ್ಯೂಷನ್ ಮುಗಿಸಿ ಮಕ್ಕಳು ನಡೆದು ಬರುವುದಿಲ್ವಾ? ಎರಡು ತಿಂಗಳು ತಡೆದುಕೊಳ್ಳಲು ಆಗದಷ್ಟು ಅವಸರವೇ? ಬೈಕಿನ ಹುಡುಗರು ಮಾಡಿದ್ದು ತಪ್ಪು, ಒಪ್ಪಿದೆ. ಹಾಗಂತ ರಸ್ತೆ ಬದಿ ನಮ್ಮ ಮಲಗುವ ಕೋಣೆ ಅಲ್ಲ.

ಅಡಿಕೆ_ಚೊಗರು

ಮೇಷ್ಟ್ರೇ, ಕೋಣೆ ಇದ್ದರೆ ಯಾರು ಕಾರಿನಲ್ಲಿ ಕೂರುತ್ತಾರೆ? ನಮ್ಮ ಮನೆಯಲ್ಲಿ ಹನ್ನೊಂದು ಜನ. ಮದುವೆಯಾಗಿ ನಾಲ್ಕು ವರ್ಷ ಆದ ಮೇಲೂ ನಾನು ಮತ್ತು ಹೆಂಡತಿ ಸಮಾಧಾನದಲ್ಲಿ ಜಗಳ ಮಾಡಬೇಕಾದರೆ ಓಮ್ನಿ ತೆಗೆದುಕೊಂಡು ತೋಟದ ಆಚೆ ಗುಡ್ಡೆಗೆ ಹೋಗುತ್ತೇವೆ. ಜಗಳಕ್ಕೇ ಜಾಗ ಇಲ್ಲ, ಇನ್ನು ಪ್ರೀತಿಗೆ ಎಲ್ಲಿ!

ತಲಪಾಡಿ_ಗೇಟು

ಕಾರು ನನ್ನ ಸ್ವಂತ ಆಸ್ತಿ. ಆರ್‌ಸಿಯಲ್ಲಿ ನನ್ನ ಹೆಸರು, ಸಾಲದ ಕಂತು ಕಟ್ಟುವುದು ನಾನು. ಡೋರ್ ಲಾಕ್ ಆಗಿದ್ದರೆ ಅದು ಮನೆ ಇದ್ದ ಹಾಗೆ. ಕೇಸ್ ನಿಲ್ಲುವುದೇ ಇಲ್ಲ. ಧೈರ್ಯವಾಗಿರಿ.

ವಿದ್ಯಾನಗರ_ಕರಿಕೋಟು

ತಲಪಾಡಿ ಅವರೇ, ಅಷ್ಟು ಸುಲಭ ಇಲ್ಲ. ಈ ಧೈರ್ಯದಲ್ಲೇ ಜನ ಸಿಕ್ಕಿಬೀಳುವುದು.

ನಾನು ಇಲ್ಲಿನ ಕೋರ್ಟಿನಲ್ಲಿ ಹನ್ನೆರಡು ವರ್ಷದಿಂದ ವಕೀಲೆ. 2024ರ ಜುಲೈ 1ರ ಮೊದಲು ಇಂಥದ್ದಕ್ಕೆ ಐಪಿಸಿ 294 ಹಾಕುತ್ತಿದ್ದರು. ಈಗ ಭಾರತೀಯ ನ್ಯಾಯ ಸಂಹಿತೆಯ 296. ಸಾರ್ವಜನಿಕ ಸ್ಥಳದಲ್ಲಿ, ಬೇರೆಯವರಿಗೆ ಕಿರಿಕಿರಿ ಆಗುವ ಹಾಗೆ, ಅಶ್ಲೀಲವಾದ ಕೆಲಸ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು, ಆದರೆ ಜಾಮೀನು ಸಿಗುವ ಅಪರಾಧ. ಮೂರೂ ಮಾತು ಕೂಡಿ ಬಂದರೆ ಮಾತ್ರ ಅಪರಾಧ. ಜಾಗ ಸಾರ್ವಜನಿಕ ಆಗಿರಬೇಕು, ಕೆಲಸ ಅಶ್ಲೀಲ ಆಗಿರಬೇಕು, ಯಾರಿಗಾದರೂ ನಿಜವಾಗಿ ಕಿರಿಕಿರಿ ಆಗಿರಬೇಕು.

ಕಾರಿನ ವಿಷಯಕ್ಕೆ ಬಂದರೆ, ಸುಪ್ರೀಂ ಕೋರ್ಟ್ ಎರಡು ಬೇರೆ ಬೇರೆ ಕಾಯ್ದೆಗಳಲ್ಲಿ ಎರಡು ರೀತಿ ಹೇಳಿದೆ. ಬಿಹಾರದ ಮದ್ಯ ನಿಷೇಧದ ಒಂದು ಪ್ರಕರಣದಲ್ಲಿ, 2019ರಲ್ಲಿ, ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ಕಾರು ಸಹ ಸಾರ್ವಜನಿಕ ಸ್ಥಳ ಎಂದಿತು. ಜನ ಅದರ ಹತ್ತಿರ ಬರಲು ಅವಕಾಶ ಇದೆಯಲ್ಲ, ಅದು ಕಾರಣ. 2021ರಲ್ಲಿ ಮಾದಕ ವಸ್ತು ಕಾಯ್ದೆಯ ಬೂಟಾ ಸಿಂಗ್ ಪ್ರಕರಣದಲ್ಲಿ ಖಾಸಗಿ ವಾಹನ ಸಾರ್ವಜನಿಕ ಸ್ಥಳ ಅಲ್ಲ ಎಂದಿತು. ಹಾಗಾಗಿ ಕಾರು ಅಂದ ತಕ್ಷಣ ಮನೆ ಅಂತಲೂ ಅಲ್ಲ, ಬಸ್‌ಸ್ಟ್ಯಾಂಡ್ ಅಂತಲೂ ಅಲ್ಲ. ಯಾವ ಕಾಯ್ದೆ, ಕಾರು ಎಲ್ಲಿ ನಿಂತಿತ್ತು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. 296ರಲ್ಲಿ ಸಾರ್ವಜನಿಕ ಸ್ಥಳದ ಹತ್ತಿರ ಇದ್ದು ಮಾಡಿದರೂ ತೊಂದರೆ ಇರುವ ಮಾತಿದೆ, ಆದರೆ ಅದು ಹಾಡು, ಬೈಗುಳಕ್ಕೆ. ಅಶ್ಲೀಲ ಕೃತ್ಯ ಮಾತ್ರ ಸಾರ್ವಜನಿಕ ಸ್ಥಳದಲ್ಲೇ ಆಗಿರಬೇಕು.

ನಿಮ್ಮ ವಿಷಯದಲ್ಲಿ ಬಲ ಇರುವುದು ಎರಡನೇ ಮಾತಿನಲ್ಲಿ. ಮುತ್ತು ಅಶ್ಲೀಲವೇ? ದೆಹಲಿಯ ದ್ವಾರಕಾ ಮೆಟ್ರೋ ನಿಲ್ದಾಣದ ಹತ್ತಿರ ಮುತ್ತು ಕೊಟ್ಟರು ಅಂತ ಒಂದು ಜೋಡಿಯ ಮೇಲೆ 294 ಹಾಕಿದ್ದರು. ಗಂಡ ಹೆಂಡತಿಯ ಪ್ರೀತಿಯ ನಡವಳಿಕೆ ಹೇಗೆ ಅಶ್ಲೀಲ ಆಗುತ್ತದೆ ಅಂತ 2009ರಲ್ಲಿ ಹೈಕೋರ್ಟ್ ಕೇಸನ್ನೇ ರದ್ದು ಮಾಡಿತು.

ಬದಿಯಡ್ಕ_ಬೈಲು

ಅದು ಗಂಡ ಹೆಂಡತಿ ಮೇಡಂ. ಇವರದ್ದು ಇನ್ನೂ ಆಗಿಲ್ಲವಲ್ಲ.

ವಿದ್ಯಾನಗರ_ಕರಿಕೋಟು

ಹೌದು, ಆ ತೀರ್ಪು ಮದುವೆಯಾದವರ ಬಗ್ಗೆ. ಆದರೆ 296ರಲ್ಲಿ ತಾಳಿ ಇದೆಯಾ ಇಲ್ವಾ ಅನ್ನುವ ಪ್ರಶ್ನೆಯೇ ಇಲ್ಲ. ಅಶ್ಲೀಲವಾದರೆ ಮದುವೆಯಾದವರದ್ದೂ ಅಶ್ಲೀಲವೇ. ಒಂದು ಮಾತ್ರ ಮುಖ್ಯ: ಇಬ್ಬರಿಗೂ 18 ದಾಟಿರಬೇಕು. ಒಬ್ಬರಿಗೆ 17 ಆದರೂ ಪೋಕ್ಸೋ ಬರುತ್ತದೆ, ಆಗ ಈ ಚರ್ಚೆಯ ಒಂದು ಸಾಲೂ ಉಪಯೋಗಕ್ಕೆ ಬರುವುದಿಲ್ಲ. ಹುಡುಗಿ ಒಪ್ಪಿದ್ದಳು ಅನ್ನುವುದೂ ನಡೆಯುವುದಿಲ್ಲ.

ಮುಳ್ಳೇರಿಯ_ಮಳೆ

ಮರೆತಿರಾ? 2021ರಲ್ಲಿ ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಹಾಕಬೇಕು, ಕಾರೂ ಸಾರ್ವಜನಿಕ ಸ್ಥಳ ಅಂತ ದೆಹಲಿ ಹೈಕೋರ್ಟ್ ಹೇಳಿತ್ತು. ನಾನು ಆಗ ಒಬ್ಬನೇ ಮಾಸ್ಕ್ ಹಾಕಿಕೊಂಡು ಜಾಲ್ಸೂರಿನವರೆಗೆ ಡ್ರೈವ್ ಮಾಡಿದ್ದೆ. ಕನ್ನಡಕಕ್ಕೆ ಆವಿ ಕಟ್ಟಿ ರಸ್ತೆಯೇ ಕಾಣಲಿಲ್ಲ.

ಉಪ್ಪಳ_ಎಕ್ಸ್‌ಪ್ರೆಸ್

ಆವಿ ಕಟ್ಟಿದರೆ ಈ ಜಿಲ್ಲೆಯಲ್ಲಿ ಎಲ್ಲರಿಗೂ ಕಷ್ಟವೇ 😄

ಶಾರ್ಜಾ_ಶೆಟ್ಟಿ

ನಗುವ ವಿಷಯ ಅಲ್ಲ. ಕೊಲ್ಲಿಗೆ ಬರುವ ಯೋಚನೆ ಇದೆಯಾ? ಇದ್ದರೆ ಪಿಸಿಸಿ ಬೇಕಾಗಬಹುದು, ಪೊಲೀಸ್ ಕ್ಲಿಯರೆನ್ಸ್. ಸಣ್ಣ ದಂಡ ಅಂತ ಕೋರ್ಟಿನಲ್ಲಿ ತಪ್ಪು ಒಪ್ಪಿ ಕಟ್ಟಿಬಿಡುತ್ತಾರೆ. ಅದು ಶಿಕ್ಷೆಯಾದ ಹಾಗೆಯೇ. ನನ್ನ ರೂಮಿನಲ್ಲಿದ್ದ ಒಬ್ಬ ಹುಡುಗ ಊರಿನ ಹಳೆಯ ಒಂದು ಗಲಾಟೆ ಕೇಸಿಗೆ ದಂಡ ಕಟ್ಟಿ ಮರೆತೇಬಿಟ್ಟಿದ್ದ. ಕೆಲಸ ಬದಲಿಸುವಾಗ ಪಿಸಿಸಿಗೆ ಹಾಕಿದ, ಅಲ್ಲಿ ಸಿಕ್ಕಿಕೊಂಡ. ವಾಪಸ್ ಊರಿಗೆ ಓಡಾಡಿದ್ದೇ ಓಡಾಡಿದ್ದು.

ಇಲ್ಲಿಯ ಕಾನೂನು ಇನ್ನೂ ಬಿಗಿ ಎಂದು ಬೇರೆ ಹೇಳಬೇಕಾಗಿಲ್ಲ. 2010ರಲ್ಲಿ ದುಬೈಯ ರೆಸ್ಟೋರೆಂಟಿನಲ್ಲಿ ಮುತ್ತು ಕೊಟ್ಟರು ಅಂತ ಒಂದು ಬ್ರಿಟಿಷ್ ಜೋಡಿಗೆ ಒಂದು ತಿಂಗಳು ಜೈಲಾಗಿತ್ತು.

ಅಕ್ಕಲಕೋಟೆ_ಅಣ್ಣ

ನಮ್ಮ ಸೊಲ್ಲಾಪುರ ಕಡೆ ಬೇರೆ ಲೆಕ್ಕ ಇದೆ ನೋಡ್ರಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 110 ಅಂತ ಒಂದು ಐತಿ, ಸಾರ್ವಜನಿಕವಾಗಿ ಅಸಭ್ಯ ವರ್ತನೆ ಅಂತ. 2015ರಲ್ಲಿ ಮುಂಬೈಯ ಮಡ್ ಐಲ್ಯಾಂಡ್ ಕಡೆ ಹೋಟೆಲ್ ರೂಮಿನ ಒಳಗಿದ್ದ ಸುಮಾರು 40 ಜೋಡಿಗಳನ್ನ ಹೊರಗೆ ಎಳೆದು ತಂದು ಇದರಲ್ಲೇ ದಂಡ ಹಾಕಿದ್ದರು. ರೂಮಿನ ಒಳಗೆ ಇದ್ದವರದ್ದು ಸಾರ್ವಜನಿಕ ಹೆಂಗಾತು ಅಂತ ದೇಶವೆಲ್ಲ ಬೈದಿತ್ತು. ನಿಮ್ಮ ಕಡೆ ಕಾರು, ನಮ್ಮ ಕಡೆ ರೂಮು, ಅಷ್ಟೇ ಫರಕು.

ಅಡಿಕೆ_ಚೊಗರು

ರೂಮಿನ ವಿಷಯ ಬಂತಲ್ಲ. ಮದುವೆಯಾಗದವರು ಹೋಟೆಲಿನಲ್ಲಿ ಉಳಿಯಬಾರದು ಅಂತ ಯಾವ ಕಾನೂನೂ ಇಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಕೊಯಮತ್ತೂರಿನಲ್ಲಿ ಸೀಲ್ ಹಾಕಿದ ಒಂದು ವಸತಿಗೃಹದ ಕೇಸ್. ಆದರೆ ನಮ್ಮೂರ ಲಾಡ್ಜಿನ ಕೌಂಟರಿನಲ್ಲಿ ಕೂತವನು ಹೈಕೋರ್ಟಿಗಿಂತ ದೊಡ್ಡವನು. ಆಧಾರ್ ಕಾರ್ಡಿನಲ್ಲಿ ಮನೆತನದ ಹೆಸರು ನೋಡಿದವನೇ ನಿಮ್ಮ ಸೋದರಮಾವನಿಗೆ ಫೋನ್ ಮಾಡುತ್ತಾನೆ.

ಪೊಸಡಿಗುಂಪೆ_ಗಾಳಿ

ಅಣ್ಣ, ಒಂದು ಡೌಟು. ಕಾರಿಗೆ ಸನ್ ಫಿಲ್ಮ್ ಇತ್ತಾ? ಇದ್ದರೆ ಹೊರಗಿನಿಂದ ಕಾಣುತ್ತಲೇ ಇರಲಿಲ್ಲ.

ಮುಳ್ಳೇರಿಯ_ಮಳೆ

ಸನ್ ಫಿಲ್ಮ್ ಬ್ಯಾನ್. 2012ರಲ್ಲೇ ಸುಪ್ರೀಂ ಕೋರ್ಟ್ ಮಾಡಿದ್ದು.

ಪೊಸಡಿಗುಂಪೆ_ಗಾಳಿ

ಹಳೆ ಸುದ್ದಿ. ಆಮೇಲೆ ವಾಹನ ನಿಯಮ ಬದಲಾಯಿತು. ಮುಂದಿನ ಹಿಂದಿನ ಗ್ಲಾಸಿನಲ್ಲಿ ಕನಿಷ್ಠ 70 ಶೇಕಡಾ, ಬದಿಯದ್ದರಲ್ಲಿ 50 ಶೇಕಡಾ ಬೆಳಕು ದಾಟುವ ಫಿಲ್ಮ್ ಹಾಕಬಹುದು ಅಂತ ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆ. ನಾನು ಹಾಕಿಸಿದ್ದೇನೆ. ಬಿಸಿಲು ಅರ್ಧ ಕಡಿಮೆ.

ಮುಳ್ಳೇರಿಯ_ಮಳೆ

50 ಶೇಕಡಾ ಬೆಳಕು ದಾಟಿದರೆ ಹೊರಗಿನಿಂದ ಎಲ್ಲ ಕಾಣುತ್ತದಲ್ಲ ಮಾರಾಯ. ಮತ್ತೆ ಎಂತ ಪ್ರಯೋಜನ?

ಪೊಸಡಿಗುಂಪೆ_ಗಾಳಿ

ಬಿಸಿಲಿಗೆ ಅಂದೆ, ಮುತ್ತಿಗೆ ಅಲ್ಲ.

ಹಳೆ_ಮೇಷ್ಟ್ರು

ವಿಷಯ ಎಲ್ಲಿಗೋ ಹೋಯಿತು. ಆ ಕಾಗದದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನಗೆ ಮುತ್ತಿಗಿಂತ ಹೆಚ್ಚು ಕೋಪ ಬಂದದ್ದು ಅಲ್ಲಿ. ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು. ನನ್ನ ಎಷ್ಟೋ ಶಿಷ್ಯರು ಇದೇ ರೀತಿ ಬ್ಯಾಂಕಿನಲ್ಲಿ, ವಿಲೇಜ್ ಆಫೀಸಿನಲ್ಲಿ, ಸ್ಟೇಷನ್‌ನಲ್ಲಿ ಓದಲು ಬಾರದ ಕಾಗದಕ್ಕೆ ಸಹಿ ಹಾಕುತ್ತಾರೆ. ಕೇಳಲು ನಾಚಿಕೆ. ಓದು ಬರುವವನಿಗೇ ಓದಲು ಬಾರದ ನಾಚಿಕೆ! 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಎಂದು ಬರೆದಿದ್ದರು. ಯಾರು ಬಳಸುತ್ತಾರೆ?

ಬದಿಯಡ್ಕ_ಬೈಲು

ಇದಕ್ಕೆಲ್ಲ ಮೂಲ 1956. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಅಂತ ಮಹಾಜನ ವರದಿಯಲ್ಲಿ

ವೇದಿಕೆ ನಿರ್ವಾಹಕ

ಬೈಲು ಅವರೇ, ಅದಕ್ಕೆ ಬೇರೆ ಎಳೆ ಇದೆ. ಮಹಾಜನ ವರದಿ ಇಲ್ಲಿಗೆ ಬಂದರೆ ಇವರ ಮದುವೆ ಮುಗಿದು ಮಗುವಿಗೆ ಚೌಲ ಆದರೂ ಚರ್ಚೆ ಮುಗಿಯುವುದಿಲ್ಲ.

ಪಯಸ್ವಿನಿ

ನಾನು ಹೆಣ್ಣುಮಗಳಾಗಿ ಒಂದು ಕೇಳುತ್ತೇನೆ. ಎಲ್ಲರೂ ಕಾರು, ಗ್ಲಾಸು ಅಂತ ಇದ್ದೀರಿ. ಆ ವಿಡಿಯೋ ಎಲ್ಲಿ? ಅದು ಯಾರ ಫೋನಿನಲ್ಲಿದೆ? 1000 ರೂಪಾಯಿ ದಂಡ ಕಟ್ಟಬಹುದು, ವಿಡಿಯೋ ಕುಟುಂಬದ ಗ್ರೂಪಿಗೆ ಬಂದರೆ ಏನು ಕಟ್ಟುತ್ತೀರಿ? ಆ ಹುಡುಗರ ಮೇಲೆ ಐಟಿ ಕಾಯ್ದೆಯ 66ಇ ಹಾಕಿಸಿ.

ವಿದ್ಯಾನಗರ_ಕರಿಕೋಟು

ಪಯಸ್ವಿನಿ ಅಕ್ಕ, ಸರಿಯಾದ ಜಾಗಕ್ಕೆ ಬಂದಿರಿ. ಆದರೆ 66ಇ ಇಲ್ಲಿ ಕೂರುವುದಿಲ್ಲ. ಅದು ಮೈಯ ಖಾಸಗಿ ಭಾಗಗಳ ಚಿತ್ರ ತೆಗೆದರೆ ಮಾತ್ರ. ಬಟ್ಟೆ ಹಾಕಿ ಕೂತವರ ವಿಡಿಯೋಗೆ ಹಾಕಿದರೆ ಮೊದಲ ದಿನವೇ ಬಿದ್ದುಹೋಗುತ್ತದೆ.

ನಮ್ಮಲ್ಲಿ ಅದಕ್ಕಿಂತ ಒಳ್ಳೆಯದು ಇದೆ. 2011ರ ಕೇರಳ ಪೊಲೀಸ್ ಕಾಯ್ದೆಯ 119. ಹೆಂಗಸರ ಖಾಸಗಿತನಕ್ಕೆ ಧಕ್ಕೆ ಆಗುವ ಹಾಗೆ ಎಲ್ಲಿಯಾದರೂ ಫೋಟೋ, ವಿಡಿಯೋ ತೆಗೆದರೂ ಹಂಚಿದರೂ ಮೂರು ವರ್ಷದವರೆಗೆ ಜೈಲು, ಇಲ್ಲವೇ 10,000 ದಂಡ. ಗಮನಿಸಿ, ಜೋಡಿ ಮಾಡಿದ್ದಕ್ಕೆ ಜಾಸ್ತಿ ಅಂದರೆ ಮೂರು ತಿಂಗಳು. ವಿಡಿಯೋ ಮಾಡಿದವನಿಗೆ ಮೂರು ವರ್ಷ. ಬೈಕ್ ಅಡ್ಡ ಇಟ್ಟು ಹೋಗಲು ಬಿಡದಿದ್ದದ್ದು ನ್ಯಾಯ ಸಂಹಿತೆಯ 126, ಅಕ್ರಮವಾಗಿ ತಡೆಯುವುದು. ವಿಡಿಯೋ ತೋರಿಸಿ ಹಣ ಕೇಳಿದರೆ 308, ಸುಲಿಗೆ. ಅದಕ್ಕೆ ಏಳು ವರ್ಷದವರೆಗೆ ಇದೆ.

ಪೊಲೀಸರಿಗೂ ಸುಪ್ರೀಂ ಕೋರ್ಟ್ ಹೇಳಿದ ಒಂದು ಮಾತಿದೆ. ವಡೋದರಾದಲ್ಲಿ ಒಂದು ಜೋಡಿಯನ್ನು ತಡೆದು ಪೀಡಿಸಿದ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿಯ ಪ್ರಕರಣ. ಪೊಲೀಸರು ಜನರಿಗೆ ನೀತಿ ಕಲಿಸಲು ಹೋಗಬೇಕಾಗಿಲ್ಲ ಅಂತ 2022ರ ಡಿಸೆಂಬರಿನಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವ ಹಾಗೂ ಇಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ತಲಪಾಡಿ_ಗೇಟು

ಕೇಳಲು ಚೆನ್ನಾಗಿದೆ. 2009ರಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದು ಟಿವಿಯಲ್ಲಿ ಇಡೀ ದೇಶ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆ. ವಿಡಿಯೋ ಇದ್ದ ಕೇಸಿನದ್ದೇ ಗತಿ ಇದು.

ಬದಿಯಡ್ಕ_ಬೈಲು

ಆ ಕಡೆಯದ್ದು ಮಾತ್ರ ನೆನಪಾಗುತ್ತದೆ. ಈ ಕಡೆ ಸದಾಚಾರ ಪೊಲೀಸ್, ಅಂದರೆ ನೈತಿಕ ಪೊಲೀಸ್‌ಗಿರಿ ಮಾಡುವವರು, ಕಡಿಮೆ ಇದ್ದಾರಾ? 2014ರಲ್ಲಿ ಕೋಝಿಕ್ಕೋಡಿನ ಕೆಫೆ ಒಡೆದು ಹಾಕಿದ್ದಕ್ಕೆ ತಾನೇ ಕೊಚ್ಚಿಯಲ್ಲಿ ಕಿಸ್ ಆಫ್ ಲವ್ ಅಂತ ಪ್ರತಿಭಟನೆ ಎದ್ದದ್ದು? ಅಲ್ಲಿ ಮುತ್ತು ಕೊಡಲು ಬಂದವರನ್ನೇ ಪೊಲೀಸರು ವ್ಯಾನ್ ಹತ್ತಿಸಿದರು.

ಉಪ್ಪಳ_ಎಕ್ಸ್‌ಪ್ರೆಸ್

ಎರಡೂ ಕಡೆಯ ಎಲ್ಲ ಬಣ್ಣದವರೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಬಿಡಿ.

ಲಂಡನ್_ಕೋಳ್ಯೂರು

ಇಲ್ಲಿ ಇಂಗ್ಲೆಂಡಿನಲ್ಲಿ ಕಾರಿನ ಬಗ್ಗೆ ಅಂತ ಬೇರೆ ಕಾನೂನು ಇಲ್ಲ. ಸಾರ್ವಜನಿಕ ಸಭ್ಯತೆಗೆ ಧಕ್ಕೆ ಅನ್ನುವ ಹಳೆಯ ಅಪರಾಧ ಒಂದಿದೆ. ಅದಕ್ಕೂ ಕನಿಷ್ಠ ಇಬ್ಬರು ಅಲ್ಲಿದ್ದು ನೋಡಲು ಸಾಧ್ಯ ಇರಬೇಕು. ಹೋದ ಚಳಿಗಾಲ ಪಾರ್ಕಿನ ಪಕ್ಕ ಆವಿ ಕಟ್ಟಿದ ಒಂದು ಕಾರಿನ ಗ್ಲಾಸನ್ನು ಪೊಲೀಸ್ ತಟ್ಟಿದ್ದು ನೋಡಿದೆ. ಎಲ್ಲ ಸರಿ ಇದೆಯಾ ಅಂತ ಹುಡುಗಿಯನ್ನು ಮೊದಲು ಕೇಳಿದ. ಹೂಂ ಅಂದಳು. ಹೊರಟುಹೋದ.

ವಿದ್ಯಾನಗರ_ಕರಿಕೋಟು

ಕುಂಬ್ಳೆ ಅವರೇ, ಇಷ್ಟೆಲ್ಲ ಮಾತಾಡಿದೆವು, ಮೊದಲು ಕೇಳಬೇಕಾದ್ದನ್ನೇ ಬಿಟ್ಟೆ. ರಸೀದಿ ಕೊಟ್ಟರು ಅಂದಿರಲ್ಲ, ಎಷ್ಟು ಕಟ್ಟಿದಿರಿ? ರಸೀದಿಯಲ್ಲಿ ಅಂಕೆ ಏನಿದೆ? ಮಲಯಾಳಂ ಬಾರದಿದ್ದರೂ ಅಂಕೆ ಓದಬಹುದಲ್ಲ.

ಕುಂಬ್ಳೆ_ಕಡಲು

ಡ್ಯಾಶ್‌ಬೋರ್ಡಿನಲ್ಲೇ ಇತ್ತು, ಈಗ ತೆಗೆದು ನೋಡಿದೆ. 250 ರೂಪಾಯಿ. ಮೇಲೆ ಕೈಯಲ್ಲಿ 177 ಅಂತ ಬರೆದಿದ್ದಾರೆ. ಅದು ರಸೀದಿ ನಂಬರ್ ಅಂದುಕೊಂಡಿದ್ದೆ.

ವಿದ್ಯಾನಗರ_ಕರಿಕೋಟು

ಅಯ್ಯೋ ದೇವರೇ. 177 ಮೋಟಾರು ವಾಹನ ಕಾಯ್ದೆ. ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಕ್ಕೆ ಇಲ್ಲಿ 250 ದಂಡ. ನಿಮ್ಮ ಮೇಲೆ ಬಿದ್ದದ್ದು ಪಾರ್ಕಿಂಗಿನ ಸಣ್ಣ ಪೆಟ್ಟಿ ಕೇಸು! 296 ಹಾಕಿದ್ದರೆ ಸ್ಟೇಷನ್‌ನಲ್ಲಿ ದಂಡ ಕಟ್ಟಿಸಿಕೊಳ್ಳಲು ಆಗುವುದೇ ಇಲ್ಲ, ಅದು ಮ್ಯಾಜಿಸ್ಟ್ರೇಟರ ಕೆಲಸ. ಆ ಅಧಿಕಾರಿ ಗುಂಪನ್ನು ಚದುರಿಸಲು ನಿಮ್ಮನ್ನು ಜೀಪಿಗೆ ಹತ್ತಿಸಿ, ಗುಂಪಿನ ಬಾಯಿ ಮುಚ್ಚಲು ಒಂದು ರಸೀದಿ ಹರಿದಿದ್ದಾರೆ ಅಂತ ನನ್ನ ಅಂದಾಜು. ಆದರೂ ಸಹಿ ಹಾಕಿದ ಕಾಗದದಲ್ಲಿ ಏನಿದೆ ಅಂತ ಮಲಯಾಳಂ ಓದುವ ಒಬ್ಬರನ್ನು ಕರೆದುಕೊಂಡು ಹೋಗಿ ನೋಡಿ.

ಉಪ್ಪಳ_ಎಕ್ಸ್‌ಪ್ರೆಸ್

ನಾಲ್ಕು ದಿನ ನಿದ್ದೆಗೆಟ್ಟದ್ದು ಪಾರ್ಕಿಂಗಿಗೆ 🤣🤣

ಹಳೆ_ಮೇಷ್ಟ್ರು

ನಗಬೇಡಿ. ಓದಲು ಬಂದಿದ್ದರೆ ಅವನು ಅಂದೇ ನಿದ್ದೆ ಮಾಡುತ್ತಿದ್ದ.

ಕುಂಬ್ಳೆ_ಕಡಲು

ಇವತ್ತು ಸ್ನೇಹಿತ ಒಬ್ಬನನ್ನು ಕರೆದುಕೊಂಡು ಹೋಗಿದ್ದೆ. ರೈಟರ್ ಆ ಕಾಗದ ತೋರಿಸಿದರು. ವಾಹನ ದಾರಿಗೆ ಅಡ್ಡವಾಗಿತ್ತು, ಎಚ್ಚರಿಕೆ ಕೊಟ್ಟು ಕಳಿಸಲಾಗಿದೆ ಅಂತ ಎರಡು ಸಾಲು. ಅಷ್ಟೇ. ಬೈಕಿನ ಹುಡುಗರ ಬಗ್ಗೆ ಕೇಳಿದರೆ, ದೂರು ಕೊಟ್ಟರೆ ನೋಡುತ್ತೇವೆ ಅಂದರು. ದೂರು ಕೊಟ್ಟರೆ ವಿಷಯ ಇನ್ನೂ ದೊಡ್ಡದಾಗುತ್ತದೆ ಅಲ್ವಾ? ಮದುವೆ ಹತ್ತಿರ ಇದೆ. ಬಿಟ್ಟುಬಿಡುವ ಅಂತ ಇದ್ದೇನೆ. ಎಲ್ಲರಿಗೂ ಧನ್ಯವಾದ.

ಜನವರಿಯ_ಸೀರೆ (ಹೊಸ ಸದಸ್ಯೆ)

ನಾನೇ ಆ ಹುಡುಗಿ. ಲಿಂಕ್ ಇವರೇ ಕಳಿಸಿದ್ದು. ಪೂರ್ತಿ ಓದಿದೆ, ಸನ್ ಫಿಲ್ಮಿನದ್ದೂ ಸೇರಿಸಿ.

ಲಂಡನ್ ಅವರು ಬರೆದ ಆ ನಾಲ್ಕು ಸಾಲನ್ನು ಎರಡು ಸಲ ಓದಿದೆ. ಅವತ್ತು ರಾತ್ರಿ ಬೈಕಿನವರು, ಸೇರಿದ ಜನ, ಪೊಲೀಸರು, ಆಮೇಲೆ ನನ್ನ ಅಪ್ಪ, ಇವರ ಅಪ್ಪ, ಎಲ್ಲರೂ ಮಾತಾಡಿದ್ದು ಇವರ ಹತ್ತಿರ. ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ. ಟಾರ್ಚ್ ಬಿದ್ದಾಗ ನಾನು ಗ್ಲಾಸಿನ ಮೇಲೆ ಬರೆದ ಅಂಚಿನ ಗೆರೆಗಳ ಸಂದಿಯಿಂದ ಅವನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಅಲ್ಲಿ ಮಾತ್ರ ಆವಿ ಇರಲಿಲ್ಲ ನೋಡಿ.

ಬಿಟ್ಟುಬಿಡುವುದು ಇವರ ಯೋಚನೆ. ನಾನು ನಿನ್ನೆಯೇ ಅಮ್ಮನ ಜೊತೆ ಹೋಗಿ ದೂರು ಕೊಟ್ಟು ಬಂದೆ, ಇವರಿಗೆ ಈಗ ಓದುವಾಗಲೇ ಗೊತ್ತಾಗುವುದು. ಕರಿಕೋಟು ಮೇಡಂ ಬರೆದ 119, 126 ಎರಡೂ ಹಾಕಿದ್ದೇನೆ. ಬೈಕ್ ನಂಬರ್ ನನಗೆ ನೆನಪಿತ್ತು. ಎರಡು ಪುಟ, ಕನ್ನಡದಲ್ಲಿ ಬರೆದೆ. ತೆಗೆದುಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಡ್ಯೂಟಿಯಲ್ಲಿದ್ದ ಮಹಿಳಾ ಪೊಲೀಸ್ ಮಂಜೇಶ್ವರದವರು, ಕೂತು ಪೂರ್ತಿ ಓದಿದರು. ಓದಿ, ಇಲ್ಲಿ ಒಂದು ಒತ್ತಕ್ಷರ ತಪ್ಪಿದೆ ಅಂದರು.

ಹಳೆ_ಮೇಷ್ಟ್ರು

ಯಾವ ಒತ್ತಕ್ಷರ ಮಗಳೇ?

ಜನವರಿಯ_ಸೀರೆ

ಅಶ್ಲೀಲ. ಶಕಾರದ ಕೆಳಗೆ ಲ ಒತ್ತು ಬಿಟ್ಟಿದ್ದೆ ಮೇಷ್ಟ್ರೇ.

ಕುಂಬ್ಳೆ_ಕಡಲು

ನೀನು ಫೋನ್ ತೆಗಿ ಮೊದಲು.

ಪೊಸಡಿಗುಂಪೆ_ಗಾಳಿ

ಎಲ್ಲ ಸರಿ, ಕೊನೆಗೆ ಸೀರೆ ತೆಗೆದುಕೊಂಡಿರಾ ಇಲ್ವಾ?